ಅಲಾಯ್ ಚಕ್ರದ ಹಳೇ ಬಣ್ಣ ಸುಲಿಯುವ ಮುನ್ನ

ಮಲ್ಪೆಯ ಕಡಲಿಗೂ ನಮ್ಮ ಮನೆಗೂ ಎರಡು ಕಿಲೋಮೀಟರ್ ಕೂಡ ಇಲ್ಲ. ಉಪ್ಪುಗಾಳಿಗೆ ಗೇಟಿನ ಕೊಂಡಿಯೇ ಉಳಿಯದ ಕಡೆ ಕಾರಿನ ಚಕ್ರದ ಪಾಡು ಕೇಳಬೇಕೆ? ನನ್ನ 15 ಇಂಚಿನ ಅಲಾಯ್‌ಗಳ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳ, ಕ್ಲಿಯರ್ ಕೋಟಿನ (ಬಣ್ಣದ ಮೇಲಿನ ಪಾರದರ್ಶಕ ಪದರ) ಅಡಿಯಲ್ಲಿ ಹುಳ ಹರಿದ ಹಾಗೆ ಬಿಳಿ ಗೆರೆಗಳೆದ್ದಿದ್ದವು. ಒಂದು ಕಡೆ ಉಗುರು ಹಾಕಿದರೆ ಬಣ್ಣ ಹಪ್ಪಳದಂತೆ ಏಳುತ್ತಿತ್ತು, ಒಳಗೆ ಬಿಳಿ ಪುಡಿ, ಅದೇ ಅಲ್ಯೂಮಿನಿಯಂನ ತುಕ್ಕು. ಇದರ ಮೇಲೆಯೇ ಬಣ್ಣ ಹೊಡೆಸಿದವರನ್ನು ನೋಡಿದ್ದೇನೆ. ಒಂದೇ ಮಳೆಗಾಲಕ್ಕೆ ಮತ್ತೆ ಅದೇ ಹಪ್ಪಳ.

ಮೊದಲು ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿಸಿ. ಹಳೇ ವಾಲ್ವ್, ಬ್ಯಾಲೆನ್ಸಿಂಗ್ ವೇಟ್ ಎಲ್ಲ ತೆಗೆಸಿಬಿಡಿ. ಟೈರ್ ಇದ್ದ ಹಾಗೆಯೇ ಟೇಪ್ ಸುತ್ತಿ ಮಾಡಬಹುದು ಅನ್ನುತ್ತಾರೆ, ಆದರೆ ರಿಮ್ಮಿನ ಅಂಚಿನ ಸಂದಿಯೇ ತುಕ್ಕಿನ ತವರು, ಅಲ್ಲಿಗೆ ಕೈ ಹೋಗುವುದಿಲ್ಲ. ಆಮೇಲೆ ಸೋಪುನೀರಲ್ಲಿ ತಿಕ್ಕಿ ತೊಳೆದು, ಬ್ರೇಕಿನ ಕಪ್ಪು ಪುಡಿ ಹೋಗುವವರೆಗೆ ಉಜ್ಜಿ.

ಈಗ ಒಂದು ಪರೀಕ್ಷೆ. ಬಟ್ಟೆಗೆ ಥಿನ್ನರ್ ಹಾಕಿ ಮೂಲೆಯೊಂದರಲ್ಲಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಬಣ್ಣ ಮೆತ್ತಗಾಗಿ ಬಟ್ಟೆಗೆ ಅಂಟಿದರೆ ಅದು ಯಾರೋ ಮೇಲೆ ಹೊಡೆಸಿದ ಸಾದಾ ಬಣ್ಣ, ಸುಲಭಕ್ಕೆ ಬರುತ್ತದೆ. ಜಗ್ಗದಿದ್ದರೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿದ ಬಣ್ಣವೋ, ಪುಡಿ ಹಚ್ಚಿ ಬಿಸಿಯಲ್ಲಿ ಕರಗಿಸಿ ಕೂರಿಸಿದ ಪೌಡರ್ ಕೋಟೋ ಇರಬೇಕು. ಅದಕ್ಕೆ ಪೇಂಟ್ ರಿಮೂವರ್ ಬೇಕು, ತಾಳ್ಮೆಯೂ ಬೇಕು.

ಇಲ್ಲಿ ನನ್ನ ಪೆದ್ದುತನವೊಂದನ್ನು ಹೇಳಲೇಬೇಕು. ರಿಮೂವರ್‌ಗೆ ದುಡ್ಡು ಯಾಕೆ ಅಂತ, ಕಬ್ಬಿಣದ ಗ್ರಿಲ್ಲಿಗೆ ಬಳಸುವ ಕಾಸ್ಟಿಕ್ ಸೋಡಾವನ್ನೇ ನೀರಲ್ಲಿ ಕಲಸಿ ಮೊದಲ ಚಕ್ರಕ್ಕೆ ಬಳಿದೆ. ಎರಡೇ ನಿಮಿಷಕ್ಕೆ ಬುಸಬುಸ ನೊರೆ. ಬಣ್ಣದ ಜೊತೆ ಚಕ್ರವನ್ನೂ ತಿನ್ನುತ್ತಿತ್ತು! ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕರಗಿಸಿ ಹೈಡ್ರೋಜನ್ ಬಿಡುತ್ತದೆ. ತೊಳೆದು ನೋಡಿದರೆ ಮೈಯೆಲ್ಲ ಕಪ್ಪು, ಸಣ್ಣ ಸಣ್ಣ ಗುಳಿ. ಟಾಯ್ಲೆಟ್ ತೊಳೆಯುವ ಆಸಿಡ್ಡೂ ಅಲ್ಯೂಮಿನಿಯಂ ತಿನ್ನುತ್ತದೆ, ಅದೂ ಬೇಡ.

ಬಣ್ಣದಂಗಡಿಯ ರಿಮೂವರ್‌ಗಳಲ್ಲಿ ಹಲವಕ್ಕೆ ಮೂಲ ಮೆಥಿಲೀನ್ ಕ್ಲೋರೈಡ್. ಅದರ ಹಬೆ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಮುಚ್ಚಿದ ಜಾಗದಲ್ಲಿ ಜನ ಸತ್ತಿದ್ದಾರೆ. ಅಮೆರಿಕದಲ್ಲಿ ಮನೆಬಳಕೆಗೆ ಇದಿರುವ ರಿಮೂವರ್ ಮಾರುವುದನ್ನೇ 2019ರಲ್ಲಿ ನಿಷೇಧಿಸಿದರು. ಹಾಗಾಗಿ ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಿ. ಶೆಡ್ಡಿನೊಳಗೆ ಬೇಡವೇ ಬೇಡ. ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿ. ಆಸ್ಪತ್ರೆಯ ತೆಳು ಗ್ಲೌಸನ್ನು ಅದು ನಿಮಿಷಗಳಲ್ಲೇ ದಾಟಿ ಚರ್ಮ ಸುಡುತ್ತದೆ. ಇಂಥ ರಾಸಾಯನಿಕಕ್ಕೆಂದೇ ಬರುವ ದಪ್ಪ ಗ್ಲೌಸ್ ಕೇಳಿ ತನ್ನಿ. ಡಬ್ಬಿಯ ಮೇಲೆ ಅಲ್ಯೂಮಿನಿಯಂಗೆ ಆಗುತ್ತದೆ ಎಂದಿದೆಯೇ, ಅದನ್ನೂ ನೋಡಿ.

ಹಳೇ ಬ್ರಷ್ಷಿನಿಂದ ದಪ್ಪಗೆ ಒಂದೇ ದಿಕ್ಕಿಗೆ ಬಳಿಯಿರಿ. ದೋಸೆ ಹುಯ್ದ ಹಾಗೆ ತಿರುವಿ ತಿರುವಿ ಸವರಿದರೆ ಹಬೆ ಹಾರಿ ಶಕ್ತಿ ಹೋಗುತ್ತದೆ. ಮೇಲೆ ಪಾಲಿಥೀನ್ ಹೊದಿಸಿ ಬಿಡಿ, ನೆರಳಲ್ಲೇ ಇರಲಿ. ನನ್ನದು ಹದಿನೈದು ಇಪ್ಪತ್ತು ನಿಮಿಷಕ್ಕೆ ಸುಕ್ಕುಗಟ್ಟಿ ಎದ್ದಿತು. ಕೆರೆಯಲು ಹಳೇ ಎಟಿಎಂ ಕಾರ್ಡ್ ಹಿಡಿದೆ, ಅದೂ ರಿಮೂವರ್ ತಾಗಿ ಮೆತ್ತಗಾಗಿ ಮಡಚಿಕೊಂಡಿತು. ಬಿದಿರಿನ ಚಕ್ಕೆಯೇ ಸರಿ: ತುದಿ ಚೂಪು ಮಾಡಿಕೊಂಡರೆ ನಟ್ಟಿನ ಗುಂಡಿಯೊಳಕ್ಕೂ ಹೋಗುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಡ್ರಿಲ್ಲಿಗೆ ಕಬ್ಬಿಣದ ತಂತಿ ಬ್ರಷ್ ಹಾಕಿದರೆ ಕೆಲಸ ಬೇಗ, ಆದರೆ ಆ ಗೀರುಗಳನ್ನು ತೆಗೆಯಲು ಇನ್ನೊಂದು ದಿನ ಬೇಕು.

ಎರಡು ಸಲ ಬಳಿದರೂ ಅಲ್ಲಲ್ಲಿ ಉಳಿಯುತ್ತದೆ. ಉಳಿಯಲಿ ಬಿಡಿ. ಗಟ್ಟಿಯಾಗಿ ಹಿಡಿದ ಬಣ್ಣವನ್ನು ಹಟ ಹಿಡಿದು ಸುಲಿಯುವ ಅಗತ್ಯವಿಲ್ಲ, ಅದರ ಅಂಚು ಬೆರಳಿಗೆ ತಾಗದ ಹಾಗೆ ಸವೆದರೆ ಸಾಕು. ಚಕ್ರದ ಒಳಮೈಯನ್ನಂತೂ ನಾನು ಬರೀ ಉಜ್ಜಿ ಬಿಟ್ಟೆ. ಬಿಳಿ ಪುಡಿ ಇದ್ದಲ್ಲಿ ಮಾತ್ರ 120ರ ಉಜ್ಜುಕಾಗದದಿಂದ (ಅಂಕಿ ಹೆಚ್ಚಿದಷ್ಟೂ ಕಾಗದ ನಯ) ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಆಮೇಲೆ 240, ಕೊನೆಗೆ 400ರ ವಾಟರ್ ಪೇಪರ್. ಕಬ್ಬಿಣ ಉಜ್ಜಿದ ಕಾಗದವನ್ನೇ ಇಲ್ಲೂ ಬಳಸಬೇಡಿ.

ಬಣ್ಣ ಹೋದ ಮೇಲೆ ಬಿಸಿಲಿಗೆ ಹಿಡಿದು ನೋಡಿ, ಕೂದಲೆಳೆಯ ಬಿರುಕಿದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಿ. ಆ ಚಕ್ರ ಗುಜರಿಗೆ.

ರಿಮೂವರ್ ಉಳಿದರೆ ಹೊಸ ಬಣ್ಣವನ್ನೂ ಎಬ್ಬಿಸುತ್ತದೆ. ಸೋಪುನೀರು, ಬರೀ ನೀರು, ಒಣಗಿದ ಮೇಲೆ ಥಿನ್ನರ್ ಬಟ್ಟೆ. ಬರಿಗೈ ತಾಗಿಸದೆ ಅದೇ ದಿನ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೂ ಮೊದಲು ಲೋಹಕ್ಕೆ ಹೊಡೆಯುವ ಪದರ) ಹೊಡೆಯಿರಿ. ನಟ್ ಕೂರುವ ಜಾಗಕ್ಕೂ ಕಾರಿನ ಹಬ್‌ಗೆ (ಚಕ್ರ ಕೂರಿಸುವ ಭಾಗ) ತಾಗುವ ಹಿಂಬದಿಗೂ ಮೊದಲೇ ಟೇಪ್ ಹಚ್ಚಿರಬೇಕು. ಅಲ್ಲಿ ಬಣ್ಣದ ಪದರ ಇದ್ದರೆ ಅದು ಒತ್ತಿ ಸವೆದು ನಟ್ ಸಡಿಲವಾಗುತ್ತದೆ. ಚಕ್ರ ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಪಾನಾ ಹಿಡಿದು ನಟ್‌ಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.