ಮೀನಿನ ತೌಡಿಗೆ ಎಂಜೈಮ್ ಬೆರೆಸುವ ಬಗೆ

ಮೊದಲ ವರ್ಷ ನಾನು ಎಂಜೈಮ್ ಪುಡಿಯನ್ನು ಬೇಯಿಸಿಯೇ ಹಾಕಿದೆ! ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ತಗ್ಗಿನಲ್ಲಿ ಒಂದು ಕೃಷಿ ಹೊಂಡ ಇದೆ. ಅದರಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಮರಿಗಳನ್ನು ತಂದದ್ದು ಭದ್ರಾ ಅಣೆಕಟ್ಟೆ ಹತ್ತಿರದ ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರದಿಂದ. ತೌಡು, ಕಡಲೆಕಾಯಿ ಹಿಂಡಿಯನ್ನು ಬಚ್ಚಲೊಲೆ ಮೇಲೆ ಗಂಜಿ ಕಾಯಿಸಿ ಹಾಕುವುದು ನಮ್ಮನೆ ರೂಢಿ. ಕುದಿಯುವ ಹಂಡೆಗೇ ಪುಡಿ ಸುರಿದೆ. ಎಂಜೈಮ್ ಅಂದರೆ ಆಹಾರ ಜೀರ್ಣವಾಗಲು ನೆರವಾಗುವ ಒಂದು ಪ್ರೋಟೀನು. ಕುದಿ ಬಂದರೆ ಮೊಟ್ಟೆಯ ಬಿಳಿ ಗಟ್ಟಿಯಾದ ಹಾಗೆ ಅದರ ಕೆಲಸ ಮುಗಿಯಿತು. "ಹಾಕಿ, ಮೀನು ದಪ್ಪ ಆಗುತ್ತೆ" ಅಂದ ಅಂಗಡಿಯವರು ಇದೊಂದನ್ನು ಹೇಳಿರಲಿಲ್ಲ.

ಅಸಲಿಗೆ ಮೀನನ್ನು ದಪ್ಪ ಮಾಡುವುದು ಪುಡಿಯಲ್ಲ, ತೌಡೇ. ತೌಡಿನಲ್ಲಿ ರಂಜಕ (ಫಾಸ್ಫರಸ್) ಬೇಕಾದಷ್ಟಿದೆ. ಆದರೆ ಅದರ ಬಹುಪಾಲು ಫೈಟೇಟ್ ಎಂಬ, ಮೀನಿಗೆ ಜೀರ್ಣವಾಗದ ರೂಪದಲ್ಲಿ ಗಂಟು ಬಿದ್ದಿರುತ್ತದೆ. ಆ ಗಂಟು ಸತು, ಕಬ್ಬಿಣವನ್ನೂ ಬಿಡುವುದಿಲ್ಲ. ಫೈಟೇಸ್ ಎಂಬ ಎಂಜೈಮ್ ಅದನ್ನು ಬಿಚ್ಚುತ್ತದೆ. ನಾರಿಗೆ ಸೆಲ್ಯುಲೇಸ್, ಜೈಲನೇಸ್ ಇವೆ, ಪ್ರೋಟೀನಿಗೆ ಪ್ರೋಟಿಯೇಸ್. ಗಂಟು ಬಿಚ್ಚದಿದ್ದರೆ ರಂಜಕ ಹಾಗೇ ಹಿಕ್ಕೆಯಲ್ಲಿ ಹೋಗಿ ನೀರು ಸೇರುತ್ತದೆ. ಹೊಂಡ ಹಸಿರು ಪಾಚಿಗಟ್ಟಲು ಅದೂ ಒಂದು ಕಾರಣ.

ಇನ್ನೊಂದು ವಿಚಾರ ಇದೆ. ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ, ರೋಹು, ಕಾಟ್ಲಾಕ್ಕೂ ಅಷ್ಟೇ. ಗಂಟಲು ದಾಟಿದರೆ ಸುರುಳಿ ಸುತ್ತಿದ ಕರುಳು. ನಮ್ಮ ಹೊಟ್ಟೆಯಲ್ಲಿರುವ ಹುಳಿರಸ ಅವಕ್ಕಿಲ್ಲ. ಫೈಟೇಸ್‌ಗೋ ಹುಳಿ ಇದ್ದರೇ ಚುರುಕು. ಹಾಗಾಗಿ ಮೀನಿನ ಹೊಟ್ಟೆಯನ್ನು ನಂಬುವುದಕ್ಕಿಂತ ಬಕೆಟ್ಟನ್ನು ನಂಬುವುದು ವಾಸಿ ಅಲ್ವಾ?

ನಾನೀಗ ಮಾಡುವುದು ಹೀಗೆ. ಬೆಳಿಗ್ಗೆ ತೌಡು, ಹಿಂಡಿ ಬೇಯಿಸಿ ಆರಲು ಬಿಡುತ್ತೇನೆ. ಬೆರಳಿಟ್ಟರೆ ಉಗುರುಬೆಚ್ಚಗಿರಬೇಕು, ಅದಕ್ಕಿಂತ ಜಾಸ್ತಿ ಬಿಸಿ ಬೇಡ. ಅಕ್ಕಿ ತೊಳೆದ ನೀರನ್ನು ಹಿಂದಿನ ದಿನವೇ ಹುಳಿ ಬರಲು ಇಟ್ಟಿರುತ್ತೇನೆ. ಅದರಲ್ಲಿ ಪುಡಿ ಕದಡಿ, ಮುದ್ದೆಗೆ ಕಲಸಿ, ಮುಚ್ಚಿ ಮೂರ್ನಾಲ್ಕು ಗಂಟೆ ನೆರಳಲ್ಲಿಡುತ್ತೇನೆ. ಮಧ್ಯಾಹ್ನ ಉಂಡೆ ಕಟ್ಟಿ ತಟ್ಟೆಯಲ್ಲಿ ಇಳಿಬಿಡುತ್ತೇನೆ. ಸುಮ್ನೆ ನೀರಿಗೆ ಎಸೆದರೆ ಅರ್ಧ ಕದಡಿಹೋಗುತ್ತದೆ. ಅಂಗಡಿಯ ಗುಳಿಗೆ ಆಹಾರವಾದರೆ ಪುಡಿಯ ನೀರು ಚಿಮುಕಿಸಿ, ನೆರಳಲ್ಲಿ ಒಣಗಿಸಿ, ಮೇಲೆ ತೆಳ್ಳಗೆ ಎಣ್ಣೆ ಸವರಿದರಾಯಿತು.

ಅಳತೆಯಲ್ಲಿ ಎಡವುವುದು ಸುಲಭ. ಪ್ಯಾಕೆಟ್ ಮೇಲೆ ಒಂದು ಗ್ರಾಮಿಗೆ ಎಷ್ಟು ಯೂನಿಟ್ (ಎಂಜೈಮಿನ ಶಕ್ತಿಯ ಅಳತೆ) ಎಂದಿರುತ್ತದೆ. ಫೈಟೇಸ್ ಆದರೆ ಒಂದು ಕಿಲೋ ಆಹಾರಕ್ಕೆ 500ರಿಂದ 1000 ಯೂನಿಟ್ ಸಾಮಾನ್ಯ ಲೆಕ್ಕ. ನನ್ನ ಪುಡಿ ಗ್ರಾಮಿಗೆ 5000 ಯೂನಿಟ್ಟಿನದು. ಕಿಲೋಗೆ 500ರ ಲೆಕ್ಕ ಹಿಡಿದರೆ ದಿನಕ್ಕೆ 2 ಕಿಲೋ ಆಹಾರಕ್ಕೆ ಕಾಲು ಗ್ರಾಮೂ ಬೇಡ! ಅಷ್ಟನ್ನು ತೂಗುವುದು ಹೇಗೆ? 10 ಗ್ರಾಂ ಪುಡಿಯನ್ನು 1 ಕಿಲೋ ಒಣ ತೌಡಿಗೆ ಚೆನ್ನಾಗಿ ಬೆರೆಸಿ ಡಬ್ಬಿಯಲ್ಲಿಡಿ. ಮೊದಲು ಒಂದು ಹಿಡಿಗೆ, ಆಮೇಲೆ ನಾಲ್ಕು ಹಿಡಿಗೆ, ಹೀಗೆ ಹಂತಹಂತವಾಗಿ ಬೆರೆಸಬೇಕು. ಆ ತೌಡಿನಲ್ಲಿ ದಿನಕ್ಕೆ 20 ಗ್ರಾಂ ತೆಗೆದುಕೊಂಡರೆ ಸುಮಾರು 1000 ಯೂನಿಟ್ ಆಯಿತು, ಅಂದರೆ ಕಿಲೋಗೆ 500.

ಫಲ ಸಿಗುತ್ತಿದೆಯೋ ಇಲ್ಲವೋ ನೀವೇ ನೋಡಿ. ಹೊಂಡದೊಳಗೆ ಎರಡು ಹಾಪಾ (ಪೆಟ್ಟಿಗೆಯಂಥ ಬಲೆ) ಕಟ್ಟಿ. ಎರಡರಲ್ಲೂ ಒಂದೇ ತೂಕದ, ಅಷ್ಟೇ ಮರಿ ಬಿಡಿ. ಒಂದಕ್ಕೆ ಎಂಜೈಮ್ ಬೆರೆಸಿದ್ದು, ಇನ್ನೊಂದಕ್ಕೆ ಬರೀ ತೌಡು. ಹದಿನೈದು ದಿನಕ್ಕೊಮ್ಮೆ ತೂಗಿ. ನನ್ನಲ್ಲಿ ತೂಕದ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟೇನೂ ಇರಲಿಲ್ಲ. ಕರುಳಲ್ಲಿ ಮಾತ್ರ ಚೆನ್ನಾಗಿ ಕಂಡಿತು. ಸಾರಿಗೆ ಹಿಡಿದ ಮೀನು ಸೀಳುವಾಗ ಕರುಳಿನ ಕೊನೆ ಭಾಗ ಬಿಡಿಸಿ ನೋಡುತ್ತೇನೆ. ಮೊದಲು ತೌಡಿನ ಸಿಪ್ಪೆ ಇಡಿಯಾಗಿ ಸಿಗುತ್ತಿತ್ತು, ಈಗ ಕಡಿಮೆ. ಕರುಳು ಕೆಂಪಾಗಿದ್ದರೆ ಅಥವಾ ಬಿಳಿ ಲೋಳೆ ತುಂಬಿದ್ದರೆ ಅದು ಎಂಜೈಮ್ ಸರಿಮಾಡುವ ಕಾಯಿಲೆಯಲ್ಲ. ಊಟ ನಿಲ್ಲಿಸಿ ಮೊದಲು ನೀರು ನೋಡಿ. ನಮ್ಮ ಕಡೆಯ ಕೆಂಪುಮಣ್ಣು ಹುಳಿ, ಅಂಥ ಹೊಂಡಕ್ಕೆ ಸುಣ್ಣ ಬೇಕೇಬೇಕು.

ಆಷಾಢದ ಮೋಡದಲ್ಲಿ ನೀರಿನಲ್ಲಿ ಆಮ್ಲಜನಕ ಸಾಲದೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅವತ್ತು ತೌಡೂ ಇಲ್ಲ, ಪುಡಿಯೂ ಇಲ್ಲ. ಆ ಮಳೆಯಲ್ಲಿ ನಾವು ಉಪ್ಪಿನಿಂದ ಬೆಂಕಿಪೆಟ್ಟಿಗೆವರೆಗೆ ಎಲ್ಲವನ್ನೂ ಒಲೆ ಮೇಲಿನ ಅಟ್ಟಕ್ಕೆ ಏರಿಸುತ್ತೇವಲ್ಲ, ಈ ಡಬ್ಬಿಯನ್ನು ಮಾತ್ರ ಏರಿಸಬೇಡಿ. ನನ್ನದು ದೇವರ ಕೋಣೆಯ ತಣ್ಣನೆ ಮೂಲೆಯಲ್ಲಿದೆ.