ಕಾರ್ಡ್ ಒಂದು, ಲಾಂಛನ ಎರಡು

ಫ್ರಾನ್ಸ್‌ನ ಬ್ಯಾಂಕುಗಳು ಕೊಡುವ ಬಹುಪಾಲು ಕಾರ್ಡುಗಳ ಮೇಲೆ ಎರಡು ಲಾಂಛನಗಳಿರುತ್ತವೆ. ಒಂದು ಆ ದೇಶದ್ದೇ ಆದ ‘ಸಿಬಿ’, ಅಂದರೆ ಕಾರ್ಟ್ ಬಾಂಕೇರ್. ಇನ್ನೊಂದು ವೀಸಾ ಅಥವಾ ಮಾಸ್ಟರ್‌ಕಾರ್ಡ್. ಕಾರ್ಡ್ ಸಂಖ್ಯೆ ಒಂದೇ, ಹಿಂಬದಿಯ ಮೂರಂಕಿಯೂ ಒಂದೇ. ಹಣ ಹೋಗುವ ದಾರಿ (ನೆಟ್‌ವರ್ಕ್) ಮಾತ್ರ ಎರಡು. ಅಲ್ಲಿನ ಗ್ರಾಹಕರಿಗೆ ಮಾರುವ ಒಂದು ಆನ್‌ಲೈನ್ ಅಂಗಡಿಯ ಪಾವತಿ ಪುಟದಲ್ಲಿ, ಯಾವ ದಾರಿ ಎಂಬುದನ್ನು ಗ್ರಾಹಕರೇ ಆರಿಸುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ಸಾಕು ಎಂದಿದ್ದೆ. ಆರು ವಾರ ಹಿಡಿಯಿತು.

ಅಲ್ಲಿಯವರೆಗೆ ನಮ್ಮ ಪುಟಕ್ಕೆ ಗೊತ್ತಿದ್ದುದು ಮೊದಲ ಅಂಕಿ ಮಾತ್ರ. ನಾಲ್ಕಾದರೆ ವೀಸಾ, ಐದಾದರೆ ಮಾಸ್ಟರ್‌ಕಾರ್ಡ್. ಸಿಬಿ ಇದೆಯೋ ಇಲ್ಲವೋ ಎಂಬುದು ಮೊದಲ ಅಂಕಿಯಿಂದ ತಿಳಿಯುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕನ್ನು ಗುರುತಿಸುವ ಆರಂಭದ ಅಂಕಿಗಳನ್ನು ಪಟ್ಟಿಯೊಂದರಲ್ಲಿ ಹುಡುಕಬೇಕು. ಹಿಂದೆ ಆರು ಅಂಕಿ ಸಾಕಾಗುತ್ತಿತ್ತು, 2022ರಿಂದ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎಂಟಕ್ಕೆ ಹೋಗಿವೆ. ನಮ್ಮ ಹಳೆಯ ಪಟ್ಟಿ ಆರಂಕಿಯದು. ಅದನ್ನು ಎಸೆದು, ಹುಡುಕುವ ಕೆಲಸವನ್ನು ಪಾವತಿ ಸೇವೆ ಒದಗಿಸುವವರಿಗೇ ಬಿಟ್ಟೆ. ಕಾರ್ಡ್ ಸಂಖ್ಯೆ ಬರೆಯುವ ಚೌಕ ಹೇಗಿದ್ದರೂ ಅವರದ್ದೇ, ನಮ್ಮ ಪುಟಕ್ಕೆ ಪೂರ್ತಿ ಸಂಖ್ಯೆ ಕಾಣುವುದೇ ಇಲ್ಲ. ‘ಈ ಕಾರ್ಡಿನಲ್ಲಿ ಇಂತಿಂಥ ನೆಟ್‌ವರ್ಕ್‌ಗಳಿವೆ’ ಎಂಬ ಸೂಚನೆ ಮಾತ್ರ ನಮಗೆ ಬರುತ್ತದೆ.

ಕೋಡ್ ಬರೆಯುವ ಮೊದಲೇ ಒಂದು ಜಗಳ ನಡೆಯಿತು. ನಮ್ಮ ಒಪ್ಪಂದದ ಪ್ರಕಾರ ಸಿಬಿ ದಾರಿಯಲ್ಲಿ ಶುಲ್ಕ ಕಡಿಮೆ. ಆದ್ದರಿಂದ ಸಿಬಿಯನ್ನೇ ಮೊದಲು ಗುರುತು ಮಾಡಿಡಬೇಕೆಂದು ಹಣಕಾಸು ವಿಭಾಗದವರು ಕೇಳಿದರು. ಅದರಲ್ಲಿ ತಪ್ಪಿಲ್ಲ. ಯುರೋಪಿಯನ್ ಒಕ್ಕೂಟದ 2015ರ 751ನೇ ನಿಯಮಾವಳಿ ಅದಕ್ಕೆ ಅವಕಾಶ ಕೊಡುತ್ತದೆ. ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3 ಎಂದು ಬ್ಯಾಂಕುಗಳ ನಡುವಿನ ಶುಲ್ಕಕ್ಕೆ ಮಿತಿ ಹಾಕಿದ್ದರಿಂದ ಹೆಸರಾದ ನಿಯಮಾವಳಿ ಇದು. ಆಯ್ಕೆಯ ಮಾತು ಬರುವುದು ಅದರ 8ನೇ ವಿಧಿಯಲ್ಲಿ. ತನಗೆ ಬೇಕಾದ ನೆಟ್‌ವರ್ಕಿಗೆ ವ್ಯಾಪಾರಿ ಆದ್ಯತೆ ಕೊಡಬಹುದು, ಆದರೆ ಗ್ರಾಹಕ ಅದನ್ನು ಬದಲಿಸುವುದನ್ನು ತಡೆಯುವಂತಿಲ್ಲ. ಜಗಳ ಬಂದದ್ದು ‘ಬದಲಿಸುವ’ ಕೊಂಡಿ ಎಲ್ಲಿರಬೇಕು ಎಂಬಲ್ಲಿ. ಪುಟದ ಅಡಿಯಲ್ಲಿ, ಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ ಎಂಬುದು ಅವರ ಸಲಹೆ. ಬಾಗಿಲು ತೆರೆದಿಟ್ಟು ಮುಂದೆ ಬೀರು ನಿಲ್ಲಿಸಿದಂತೆ ಎಂದೆ. ಕೊನೆಗೆ ಕಾರ್ಡ್ ಸಂಖ್ಯೆಯ ಕೆಳಗೇ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿ ಕುಳಿತವು: ಒಂದೇ ಅಳತೆ, ಲಾಂಛನದ ಜೊತೆ ಹೆಸರು, ಸಿಬಿ ಮೊದಲೇ ಗುರುತಾಗಿ.

ಮೊದಲ ಆವೃತ್ತಿಯಲ್ಲಿ ಈ ಗುಂಡಿಗಳು ಬೇಕಾದಾಗ ಮಾತ್ರ ಮೂಡುತ್ತಿದ್ದವು. ಮೂಡಿದೊಡನೆ ಪುಟ ಒಂದು ಸಾಲು ಕೆಳಗೆ ಜಾರುತ್ತಿತ್ತು. ಅವಧಿಯ ಚೌಕ ಮುಟ್ಟಲು ಹೋದ ಬೆರಳು ನೆಟ್‌ವರ್ಕ್ ಗುಂಡಿಯ ಮೇಲೆ ಬಿದ್ದು, ಗ್ರಾಹಕನಿಗೆ ಗೊತ್ತಿಲ್ಲದೆಯೇ ಆಯ್ಕೆ ಬದಲಾಗುತ್ತಿತ್ತು. ಆ ಜಾಗವನ್ನು ಮೊದಲೇ ಖಾಲಿ ಬಿಟ್ಟು ಸರಿಪಡಿಸಿದೆ.

ಎರಡನೆಯ ತಪ್ಪು ಕಣ್ಣಿಗೆ ಬೀಳಲು ಹೆಚ್ಚು ದಿನ ಬೇಕಾಯಿತು. ಸಹೋದ್ಯೋಗಿಯೊಬ್ಬರು ಪರೀಕ್ಷೆಯ ಸಂಖ್ಯೆ ಬರೆದು ವೀಸಾ ಆರಿಸಿದರು. ಕೊನೆಯ ಅಂಕಿ ತಪ್ಪಾಗಿತ್ತು, ಹಿಂದೆ ಹೋಗಿ ತಿದ್ದಿದರು, ಹಣ ಪಾವತಿಸಿದರು. ‘ನಾನು ವೀಸಾ ಒತ್ತಿದ್ದೆ, ದಾಖಲೆಯಲ್ಲಿ ಸಿಬಿ ಇದೆಯಲ್ಲ?’ ಎಂದು ಕೇಳಿದಾಗ ನಾನು ನಂಬಲಿಲ್ಲ. ಅವರ ಪಕ್ಕದಲ್ಲೇ ಕುಳಿತು ಒಂದೊಂದೇ ಅಂಕಿ ಒತ್ತಿ ನೋಡಿದೆವು. ಕೊನೆಯ ಅಂಕಿ ಅಳಿಸಿದ ಕ್ಷಣದಲ್ಲಿ ನೆಟ್‌ವರ್ಕ್‌ಗಳ ಪಟ್ಟಿ ಮತ್ತೊಮ್ಮೆ ಬರುತ್ತಿತ್ತು. ನನ್ನ ಕೋಡ್ ಅದನ್ನು ಹೊಸ ಕಾರ್ಡ್ ಎಂದು ತಿಳಿದು ಗುರುತನ್ನು ಸಿಬಿಗೆ ಮರಳಿಸುತ್ತಿತ್ತು. ನಿಯಮದಲ್ಲಿ ಏನನ್ನು ಮಾಡಬಾರದು ಎಂದು ಜಗಳವಾಡಿದ್ದೆನೋ ಅದನ್ನೇ ನನ್ನ ನಾಲ್ಕು ಸಾಲು ಮಾಡುತ್ತಿದ್ದವು. ಈಗ ಪಟ್ಟಿ ನಿಜವಾಗಿ ಬದಲಾದರೆ ಮಾತ್ರ ಗುರುತು ಬದಲಾಗುತ್ತದೆ. ಗ್ರಾಹಕ ಒಮ್ಮೆ ಒತ್ತಿದ್ದು, ಹೊಸ ಪಟ್ಟಿಯಲ್ಲೂ ಆ ನೆಟ್‌ವರ್ಕ್ ಇದ್ದರೆ, ಹಾಗೆಯೇ ಉಳಿಯುತ್ತದೆ.

ಗುಂಡಿ ತೋರಿಸುವುದು ಹೀಗೆ ಮುಗಿಯಿತು. ಆದರೆ ಆಯ್ಕೆ ಪುಟದಾಚೆಗೂ ತಲುಪಬೇಕಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಗ್ರಾಹಕ ತನ್ನ ಗುರುತು ದೃಢಪಡಿಸುವ 3ಡಿ ಸೆಕ್ಯೂರ್ ಹಂತವೂ ನೆಟ್‌ವರ್ಕಿನ ಮೂಲಕವೇ ಸಾಗುತ್ತದೆ, ಸಿಬಿಗೆ ಬೇರೆ, ವೀಸಾಕ್ಕೆ ಬೇರೆ. ಪುಟ ಬೇಗ ಎನಿಸಲಿ ಎಂದು ಆ ಹಂತದ ತಯಾರಿಯನ್ನು ಸಂಖ್ಯೆ ಪೂರ್ಣವಾದ ಕೂಡಲೇ ಆರಂಭಿಸುತ್ತಿದ್ದೆವು. ಆಮೇಲೆ ಗ್ರಾಹಕ ವೀಸಾ ಒತ್ತಿದರೆ ದೃಢೀಕರಣ ಒಂದು ದಾರಿ, ಹಣ ಇನ್ನೊಂದು ದಾರಿ. ಸಹಜವಾಗಿಯೇ ಪಾವತಿ ತಿರಸ್ಕೃತವಾಗುತ್ತಿತ್ತು. ತಯಾರಿಯನ್ನು ‘ಪಾವತಿಸಿ’ ಗುಂಡಿ ಒತ್ತಿದ ನಂತರಕ್ಕೆ ತಳ್ಳಿದೆ. ಪುಟ ಸ್ವಲ್ಪ ನಿಧಾನವಾಯಿತು, ಇರಲಿ.

ಇನ್ನೊಂದು ಹಳೆಯ ಅಭ್ಯಾಸವನ್ನು ತೆಗೆಯಬೇಕಾಯಿತು. ಒಂದು ನೆಟ್‌ವರ್ಕ್‌ನಲ್ಲಿ ಪಾವತಿ ವಿಫಲವಾದರೆ ಇನ್ನೊಂದರಲ್ಲಿ ಸದ್ದಿಲ್ಲದೆ ಮತ್ತೆ ಪ್ರಯತ್ನಿಸುವ ವ್ಯವಸ್ಥೆ ನಮ್ಮಲ್ಲಿತ್ತು. ಮಾರಾಟ ಉಳಿಯುತ್ತದೆ ಎಂಬುದು ಅದರ ಪರವಾದ ವಾದ. ಗ್ರಾಹಕ ವೀಸಾ ಆರಿಸಿದ್ದಾನೆ, ನಾವು ಸಿಬಿಯಲ್ಲಿ ಹಣ ತೆಗೆದರೆ ಆ ಗುಂಡಿಗಳಿಗೆ ಏನು ಅರ್ಥ? ಈಗ ‘ಪಾವತಿ ಆಗಲಿಲ್ಲ’ ಎಂಬ ಸಂದೇಶದ ಜೊತೆ ಅವೇ ಎರಡು ಗುಂಡಿಗಳನ್ನು ಮತ್ತೆ ತೋರಿಸುತ್ತೇವೆ.

ಉಳಿಸಿಟ್ಟ ಕಾರ್ಡುಗಳ ಜೊತೆ ಆರಿಸಿದ ನೆಟ್‌ವರ್ಕನ್ನೂ ಉಳಿಸಿದೆವು. ಗ್ರಾಹಕ ಬಯಸಿದರೆ ಖಾತೆಯ ಪುಟದಲ್ಲಿ ಬದಲಿಸಬಹುದು. ನೆಟ್‌ವರ್ಕ್ ಹೆಸರುಗಳನ್ನು ಕೋಡ್‌ನಲ್ಲಿ ಬರೆದಿಡದೆ ಪಟ್ಟಿಯಿಂದಲೇ ಓದಿದ್ದರಿಂದ ಡೆನ್ಮಾರ್ಕ್‌ನ ವೀಸಾ–ಡಾನ್‌ಕೋರ್ಟ್ ಕಾರ್ಡುಗಳಿಗೆ ಲಾಂಛನದ ಚಿತ್ರವೊಂದನ್ನು ಸೇರಿಸಿದ್ದು ಬಿಟ್ಟರೆ ಬೇರೇನೂ ಮಾಡಬೇಕಾಗಲಿಲ್ಲ.

ಎಲ್ಲ ಮುಗಿಯಿತೆಂದು ನಾನೇ ಒಂದು ಆರ್ಡರ್ ಮಾಡಿ ನೋಡಿದೆ. ಸಿಬಿ ಆರಿಸಿದೆ, ದೃಢೀಕರಣ ಸಿಬಿ, ಹಣ ಸಿಬಿ. ನಿಮಿಷದಲ್ಲಿ ಬಂದ ಇ-ಮೇಲ್‌ನಲ್ಲಿ ಮಾತ್ರ ವೀಸಾದ ಲಾಂಛನ. ಮೇಲ್‌ನ ಮಾದರಿ ತೆರೆದು ನೋಡಿದರೆ, ಮೊದಲ ಅಂಕಿ ನೋಡಿ ಚಿತ್ರ ಹಾಕುವ ಹಳೆಯ ಸಾಲು ಅಲ್ಲಿ ಹಾಗೇ ಕುಳಿತಿತ್ತು. ಅಳಿಸಿದೆ. ಬಿಲ್ಲಿನ ಪಿಡಿಎಫ್‌ನಲ್ಲೂ ಅದೇ ಸಾಲು ಇದೆ ಎಂದು ತಿಳಿದದ್ದು ಮರುದಿನ.