ಸ್ಟಾಕ್ ಬದಲಿಸಿದ ಮೇಲೆ ಏರ್ ರೈಫಲ್ ಗುರಿ ಚದುರುತ್ತಿತ್ತು: ನನ್ನ ಅನುಭವ

.177 ಇಂಚು ಅಳತೆಯ ಸ್ಪ್ರಿಂಗ್ ಏರ್ ರೈಫಲ್‌ಗೆ ಬ್ರಿಟಿಷ್ ಸೇನೆಯ ಹಳೆಯ .303 ಲೀ-ಎನ್‌ಫೀಲ್ಡ್ ರೈಫಲ್ ಆಕಾರದ ಸಾಗುವಾನಿ ಸ್ಟಾಕ್ (ರೈಫಲ್ ಕೂರುವ ಕಟ್ಟಿಗೆ ಭಾಗ) ಮಾಡಿಕೊಂಡಿದ್ದೆ. ಕಟ್ಟಿಗೆ ಕೆಲಸ ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ಆಯಿತು. ನೋಡೋಕೆ ಚೆಂದ. ಆದರೆ 10 ಮೀಟರ್‌ನಲ್ಲಿ ಐದು ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಅಂಗೈಯಗಲ ಚದುರುತ್ತಿದ್ದವು. ಮೊದಲೆರಡು ಸರಿ, ಆಮೇಲೆ ದಿಕ್ಕಿಲ್ಲ.

ಪೆಲೆಟ್ ಬದಲಿಸಿದೆ, ಬ್ಯಾರಲ್ ಒರೆಸಿದೆ, ಗುರಿ ನೋಡುವ ಸೈಟ್‌ನ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಯಿತು. ಮರಳು ಚೀಲದ ಮೇಲೆ ಬಿಗಿಯಾಗಿ ಒತ್ತಿ ಹಿಡಿದರೆ ಇನ್ನೂ ಜಾಸ್ತಿ ಚದುರಿತು.

ಕೊನೆಗೆ ಸ್ಕ್ರೂಡ್ರೈವರ್ ಹಚ್ಚಿದರೆ ಸ್ಟಾಕ್ ಹಿಡಿದಿರುವ ಮುಂದಿನ ಎರಡೂ ಸ್ಕ್ರೂ ಅರ್ಧ ಸುತ್ತು ಸಡಿಲ! ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಸ್ಕ್ರೂ ತಲೆ ಮೆಲ್ಲಗೆ ಕಟ್ಟಿಗೆಯೊಳಗೆ ಇಳಿದಿತ್ತು. ನಮ್ಮ ಬಿಸಿಲಿಗೆ ಕಟ್ಟಿಗೆಯೂ ಒಣಗಿ ಕುಗ್ಗುತ್ತದೆ, ಅಲ್ವಾ?

ಮಾಡಿದ್ದು ಇಷ್ಟು. ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ಮೊದಲು ನೋಡಿಕೊಂಡೆ. ಸ್ಕ್ರೂ ತೂತು ಸ್ವಲ್ಪ ಅಗಲಿಸಿ ಹಿತ್ತಾಳೆ ಕೊಳವೆಯ ತುಂಡು ಕೂರಿಸಿ ಅಂಟಿಸಿದೆ. ಉದ್ದ ಕಟ್ಟಿಗೆಯ ದಪ್ಪದಷ್ಟೇ; ಗಿಡ್ಡವಾದರೆ ಮತ್ತೆ ಅದೇ ಕಥೆ. ಸ್ಕ್ರೂವಿನ ಸುರುಳಿ ಗೀರುಗಳನ್ನು ಥಿನ್ನರ್‌ನಲ್ಲಿ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ಹನಿ. ಕೆಂಪು ಬೇಡ, ಬಿಚ್ಚೋದು ಕಷ್ಟ. ಮುಂದಿನ ಎರಡನ್ನು ಕಾಲು ಕಾಲು ಸುತ್ತಿನಂತೆ ಎಡ-ಬಲ ಬಿಗಿದೆ. ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಸ್ಕ್ರೂ ಕೊನೆಗೆ. 24 ಗಂಟೆ ಮುಟ್ಟಲಿಲ್ಲ.

ಹಿಡಿತವನ್ನೂ ಬದಲಿಸಿದೆ. ಟ್ರಿಗರ್ ಗಾರ್ಡ್ ಮುಂದೆ ತೆರೆದ ಎಡ ಅಂಗೈ ಮೇಲೆ ಸುಮ್ನೆ ಇಟ್ಟು, ಬೆರಳು ಮಡಚದೆ ಹೊಡೆಯುವುದು. ಭುಜಕ್ಕೂ ಒತ್ತಬಾರದು. ಸೈಟ್ ಹೊಂದಿಸಿದ್ದು ಇದಾದ ಮೇಲೆಯೇ.

ಈಗ ಐದೂ ಪೆಲೆಟ್ ಒಂದು ರೂಪಾಯಿ ನಾಣ್ಯದೊಳಗೆ.